ಗಂಜಿಯಲ್ಲಿ ಮೂಡಿದ ಅಣ್ಣ

ಆಡು ತಿನ್ನಬಹುದಿತ್ತು. ಮೋಡ ಕವಿಯಬಹುದಿತ್ತು. ಗಾಳಿಗೆ ಬಳ್ಳಿ ಅಲುಗಿ, ಎಲೆಯ ಮೇಲೆ ಕಟ್ಟಿದ್ದ ಗಾಜು ಬಿದ್ದು ಒಡೆಯಬಹುದಿತ್ತು. ಲೋಕದಲ್ಲಿ ಅಂಥ ಗಾಜು ಇದ್ದದ್ದು ಅದೊಂದೇ. ಸ್ಪಿರಿಟ್ಟಿಗೆ ಬೆಂಕಿ ತಗುಲಿ ನಮ್ಮ ಮನೆ, ಪಕ್ಕದ ಮನೆ, ಅದರಾಚೆಯ ಅಕ್ಕಿ ಗಿರಣಿ ಸಾಲಾಗಿ ಉರಿದುಹೋಗಬಹುದಿತ್ತು. ಎಲೆ ಕೊಳೆಯಬಹುದಿತ್ತು. ಇರುವೆ ಮುತ್ತಬಹುದಿತ್ತು. ಎಲ್ಲ ಸರಿಹೋಗಿ ಅಣ್ಣನ ಮುಖ ಮೂಡಿದರೂ ಅವ್ವ ನೋಡಿ ‘ಇವನ್ಯಾರು’ ಎನ್ನಬಹುದಿತ್ತು. ಗುರುತು ಹಿಡಿದರೂ, ಆಮೇಲೆ ಮುಖ ಮಾಸಿದ್ದನ್ನೇ ಅಪಶಕುನವೆಂದುಕೊಂಡು ಹಾಸಿಗೆ ಹಿಡಿಯಬಹುದಿತ್ತು. ಇನ್ನು, ನಾನು ಯಾರ ಮುಂದೆಯೂ ಬಾಯಿಬಿಡದೆ ಕೂತಾಗ ನಿಂತಾಗ ಒಳಗೊಳಗೇ ತಿರುವಿಹಾಕುತ್ತಿದ್ದದ್ದೊಂದಿತ್ತು: ಎಲೆ ಉಳಿದು, ಅಣ್ಣನೇ ಉಳಿಯದಿರಬಹುದಿತ್ತು.

ನನ್ನ ಹೆಸರು ಶಾಂತಾ. ಹೆಸರಿಟ್ಟವರು ಸ್ವಲ್ಪ ದುಡುಕಿದರು. ಐವತ್ತರ ಹತ್ತಿರ ಬಂದ ಈಗಲೂ ಬಾಗಿಲಿಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬರುವವಳು ನಾನು. ಅಂಥವಳಿಗೆ ಮೇಲೆ ಹೇಳಿದ ಚಿಂತೆಗಳನ್ನೆಲ್ಲ ಒಂದೇ ಕಂತೆ ಕಟ್ಟಿ ಒಪ್ಪಿಸಿದವರು ಗಾದಿಲಿಂಗಪ್ಪ ಮಾಮ.

ರಕ್ತಸಂಬಂಧದ ಮಾಮ ಅಲ್ಲ. ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯ ಈರಮ್ಮನ ಅಣ್ಣ, ಕುರುಗೋಡಿನವರು. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರು ಅವ್ವನನ್ನು ಅಕ್ಕ ಎನ್ನುತ್ತಿದ್ದರು, ಹಾಗಾಗಿ ನಮಗೆ ಮಾಮ. ಕಸುಬು ಫೋಟೋ ತೆಗೆಯುವುದು. ಬಳ್ಳಾರಿಯ ಬೆಟ್ಟದ ಕೆಳಗೆ ಒಂದು ಓಣಿಯಲ್ಲಿ ಅವರ ಸ್ಟುಡಿಯೋ. ಸ್ಟುಡಿಯೋ ಎಂದರೆ, ಮಾಳಿಗೆಯ ಒಂದು ಭಾಗ ಕಿತ್ತು ಗಾಜು ಹಾಕಿಸಿದ್ದ ಉದ್ದನೆಯ ಕೋಣೆ, ಅದರೊಳಗೊಂದು ಮೂರು ಕಾಲಿನ ಪೆಟ್ಟಿಗೆ, ಒಂದು ಕುರ್ಚಿ, ಅಷ್ಟೇ. ವಿದ್ಯುತ್ ದೀಪ ಇರಲಿಲ್ಲ. ಬಿಸಿಲೇ ಅವರ ಬಂಡವಾಳ. ಮೋಡವಾದ ದಿನ ಬಾಗಿಲು ಮುಚ್ಚಿ ಮಲಗುತ್ತಿದ್ದರು. ಬಳ್ಳಾರಿಯಂಥ ಊರಿನಲ್ಲಿ ಜನ ಗೋಡೆಯ ನೆರಳು ಹಿಡಿದು ನಡೆಯುತ್ತಿದ್ದರೆ, ಇವರು ಮಾತ್ರ ನಡುರಸ್ತೆಯ ಬಿಸಿಲಿನಲ್ಲಿ ಒಂದು ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತ, ಹೆಗಲ ಮೇಲೊಂದು ಕರಿ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು. ಔಷಧಿಯಲ್ಲಿ ಅದ್ದಿ ಅದ್ದಿ ಹತ್ತೂ ಉಗುರು ಕಪ್ಪಾಗಿದ್ದವು. ಊಟಕ್ಕೆ ಕೂತಾಗ ಹೊಸಬರು ಅವರ ಕೈಯನ್ನೇ ನೋಡುತ್ತಿದ್ದರು. ಅವರು ಎರಡೂ ಕೈ ಎತ್ತಿ ತೋರಿಸಿ, “ತೊಳದೀನ್ರಿ, ನಾಕು ಸಲ ತೊಳದೀನಿ. ನಿಮ್ಮ ಮಾರಿ ಬೆಳ್ಳಗ ಬರಲಿ ಅಂತ ನನ್ನ ಉಗುರು ಕರ್ರಗಾಗ್ಯಾವ,” ಎಂದು ತುತ್ತು ಕಲಸುತ್ತಿದ್ದರು.

ಗಡಿಯಾರದ ಲೆಕ್ಕ ಅವರಲ್ಲಿ ಇರಲಿಲ್ಲ. ಫೋಟೋಕ್ಕೆ ಯಾವಾಗ ಬರಬೇಕೆಂದು ಕೇಳಿದರೆ, “ನಿಮ್ಮ ನೆಳ್ಳು ನಿಮಗಿಂತ ಗಿಡ್ಡ ಆಗಾಕ ಮುಂಚೆ ಬರ್ರಿ,” ಎನ್ನುವರು. ಕುರ್ಚಿಯಲ್ಲಿ ಕೂರಿಸಿ, ಗದ್ದಕ್ಕೆ ಒಂದು ಬೆರಳು ಕೊಟ್ಟು ಮುಖ ತಿರುಗಿಸಿ, ಕರಿ ಬಟ್ಟೆಯೊಳಗೆ ಹೊಕ್ಕು ಹೊರಬಂದು, “ಕದಲೊದ್ದು,” ಎಂದು ಗದರುವರು. ಅಲುಗಬೇಡಿ ಎಂದು ಅರ್ಥ. ಕಸುಬು ಕಲಿಸಿದ ಗುರು ಗುಂತಕಲ್ಲಿನ ಕಡೆಯವರು. ಹಾಗಾಗಿ ಮನೆಮಾತು ಕನ್ನಡವಾದರೂ ಕ್ಯಾಮೆರಾದ ಮುಂದೆ ತೆಲುಗು. ಮುಚ್ಚಳ ತೆಗೆದು “ಒಕಟಿ, ರೆಂಡು, ಮೂಡು” ಎಂದು ಎಣಿಸಿ ಮುಚ್ಚುವರು. ನಗಿರಿ ಎಂದು ಯಾರಿಗೂ ಹೇಳಿದವರಲ್ಲ. “ಇವತ್ತು ಮನ್ಯಾಗ ಏನು ಅಡಗಿ ಮಾಡ್ಯಾರ ಅಂತ ನೆನಸಿರಿ,” ಎನ್ನುವರು. ಅದಕ್ಕೇ ಅವರು ತೆಗೆದ ಫೋಟೋಗಳಲ್ಲಿ ಸಾಹುಕಾರರು, ಮದುಮಕ್ಕಳು, ಪೊಲೀಸರು ಎಲ್ಲರ ಮುಖದ ಮೇಲೂ ಒಂದು ಮೆತ್ತನೆಯ ಹಸಿವು ಇರುತ್ತಿತ್ತು.

ನನ್ನ ಅಣ್ಣ ಪಂಪಣ್ಣನ ಮುಖದ ಮೇಲೂ ಇತ್ತು. ಯುದ್ಧದ ಕಾಲ ಅದು. ಅಪ್ಪ ಇಲ್ಲದ ಮನೆ. ನಾನು ಟ್ರೈನಿಂಗ್ ಮುಗಿಸಿ ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ಒಂದು ದಿನ ಬಳ್ಳಾರಿಗೆ ಹೋದವನು ದಂಡಿಗೆ ಹೆಸರು ಕೊಟ್ಟು ಬಂದ. ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು, ತೋರುಬೆರಳಿನಿಂದ ಅವನ ಎಡಗೆನ್ನೆಯ ಮಚ್ಚೆಯನ್ನು ಒತ್ತಿ, ಆ ಬೆರಳನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅವನು ಚಿಕ್ಕವನಿದ್ದಾಗಿನಿಂದ ಅದು ಅವಳ ಪದ್ಧತಿ. ಎಲ್ಲ ಮಕ್ಕಳಿಗೂ ತಾಯಂದಿರು ಕಾಡಿಗೆಯಿಂದ ದೃಷ್ಟಿಬೊಟ್ಟು ಇಟ್ಟರೆ, ನನ್ನ ಮಗನಿಗೆ ದೇವರೇ ಇಟ್ಟು ಕಳಿಸ್ಯಾನ ಎನ್ನುತ್ತಿದ್ದಳು.

ಅವನನ್ನು ಬೀಳ್ಕೊಡಲು ಬಳ್ಳಾರಿಯವರೆಗೆ ನಾನು ಹೋದೆ. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಮಾಮನ ಸ್ಟುಡಿಯೋಕ್ಕೆ ಹೋದೆವು. ಮಾಮ ತಮ್ಮಲ್ಲಿ ಉಳಿದಿದ್ದ ಗಾಜಿನ ಪ್ಲೇಟಿನಲ್ಲಿ ಅಣ್ಣನನ್ನು ಹಿಡಿದಿಟ್ಟರು. ಆದರೆ ಅದನ್ನು ಇಳಿಸಿಕೊಡಲು ಕಾಗದ ಇರಲಿಲ್ಲ. ಯುದ್ಧದಿಂದ ಫೋಟೋ ಕಾಗದ ಬರುವುದೇ ನಿಂತಿತ್ತು.

“ಕಾಗದ ಬರಲಿ, ಮೊದಲು ನಿಂದ ಇಳಿಸಿ ಅಕ್ಕಗ ಕಳಿಸ್ತೀನಿ,” ಎಂದರು.

ಕಾಗದ ಬರಲಿಲ್ಲ. ಬಳ್ಳಾರಿಯಲ್ಲಿಲ್ಲ, ಗುಂತಕಲ್ಲಿನಲ್ಲಿಲ್ಲ, ಮದರಾಸಿಗೆ ಬರೆದರೆ ಉತ್ತರವೂ ಇಲ್ಲ. ಕೊನೆಗೆ ಸ್ಟುಡಿಯೋಕ್ಕೆ ಬೀಗ ಹಾಕಿ, ಪ್ಲೇಟುಗಳನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಇದ್ದಿಲಿನ ಹೊಗೆಯಲ್ಲಿ ಓಡುವ ಆಗಿನ ಬಸ್ಸಿನಲ್ಲಿ ಸಿರುಗುಪ್ಪದ ತಂಗಿಯ ಮನೆಗೆ ಬಂದು ಉಳಿದರು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಅವ್ವ ಒಂದು ಹೊತ್ತಿನ ಊಟಕ್ಕೆ ಇಳಿದಿದ್ದಳು. ವ್ರತವೇನಲ್ಲ. ಅಣ್ಣನ ಪತ್ರ ಅಪರೂಪ. ಬಂದರೂ ಎಲ್ಲಿದ್ದೇನೆ ಎಂದು ಬರೆಯುವಂತಿಲ್ಲ. ಅನ್ನದ ತಟ್ಟೆ ಮುಂದಿಟ್ಟರೆ, “ಅಲ್ಲಿ ಅವನಿಗೆ ಅನ್ನ ಐತೋ ಇಲ್ಲೋ,” ಎಂದು ದೂರ ಸರಿಸುವಳು. “ಅವನ ಮಾರಿ ನೆನಸ್ಕೊಳ್ಳಾಕ ಹೋದ್ರ ಮೂಗು ಬರತೈತಿ, ಕಣ್ಣು ಬರಂಗಿಲ್ಲ. ಕಣ್ಣು ಬಂದ್ರ ಬಾಯಿ ಬರಂಗಿಲ್ಲ. ಹೆಂಗ ಉಣ್ಣಲಿ?” ಕೈಯ ಬೆಳ್ಳಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಡಾಕ್ಟರು ನೋಡಿ, ರೋಗವೇನೂ ಇಲ್ಲ, ಉಣ್ಣಬೇಕು ಅಷ್ಟೇ ಎಂದರು. ಅದು ನಮಗೂ ಗೊತ್ತಿತ್ತು.

ಮಾಮ ತಮಗೆ ತೋಚಿದ್ದನ್ನು ಮಾಡಿದರು. ಅಣ್ಣನ ಪ್ಲೇಟನ್ನೇ ತಂದು ಕಿಟಕಿಯ ಬೆಳಕಿಗೆ ಹಿಡಿದು ಅವ್ವನನ್ನು ಕರೆದರು. ಅವ್ವ ನೋಡಿದಳು. ಗಾಜಿನಲ್ಲಿ ಎಲ್ಲವೂ ತಿರುವುಮುರುವು: ಮುಖ ಇದ್ದಿಲು, ತಲೆಗೂದಲು ಬೆಳ್ಳಗೆ, ಮೀಸೆ ಬೆಳ್ಳಗೆ.

“ಇಷ್ಟು ಮುದುಕ ಆಗ್ಯಾನೇನು ನನ್ನ ಮಗ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಮಾರನೆಯ ದಿನದಿಂದ ಆ ಒಂದು ಹೊತ್ತೂ ನಿಂತಿತು. ಮಜ್ಜಿಗೆ ಕುಡಿದರೆ ಕುಡಿದಳು, ಇಲ್ಲದಿದ್ದರೆ ಇಲ್ಲ.

ಮಾಮ ನಮ್ಮ ಕಟ್ಟೆಯ ಮೇಲೆ ಕೂತು ತಮ್ಮ ಕಪ್ಪು ಉಗುರುಗಳನ್ನು ನೋಡಿಕೊಂಡರು. “ಅಕ್ಕನ ಮುಂದ ಉಲ್ಟಾ ಮಗನ್ನ ಹಿಡದುಬಿಟ್ಟೆ ನೋಡು ಶಾಂತಮ್ಮ,” ಎಂದರು. ಅವರು ತಮಾಷೆಯಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ದಿನಗಳಲ್ಲೇ ನಾನು ಶಾಲೆಗೆಂದು ಹಿತ್ತಲಿನಲ್ಲಿ ಒಂದು ಪ್ರಯೋಗ ಹೂಡಿದ್ದೆ. ಟ್ರೈನಿಂಗಿನಲ್ಲಿ ಕಲಿತದ್ದು. ಅವರೆ ಬಳ್ಳಿಯ ಒಂದು ಕವಲಿನ ಮೇಲೆ ಬುಟ್ಟಿ ಕವುಚಿ ಒಂದು ಹಗಲು ಒಂದು ರಾತ್ರಿ ಕತ್ತಲಲ್ಲಿಡಬೇಕು. ಆಮೇಲೆ ಒಂದು ಎಲೆಗೆ ಕಪ್ಪು ಕಾಗದದ ಪಟ್ಟಿ ಸುತ್ತಿ ಬಿಸಿಲಿಗೆ ಬಿಡಬೇಕು. ಗೋಡೆಯಾಚೆಯಿಂದ ಮಾಮ ಇಣುಕಿದರು.

“ಏನು ಟೀಚರಮ್ಮ, ಎಲಿಗೆ ಪಟ್ಟಿ ಕಟ್ಟೀರಿ? ಗಾಯ ಆಗೈತೇನು?”

“ಇಲ್ಲ ಮಾಮ. ಎಲಿ ಬಿಸಿಲಾಗ ತನಗ ಬೇಕಾದ ಊಟ ತಾನ ಮಾಡ್ಕೊಳ್ತೈತಿ. ಬಿಸಿಲು ಬೀಳದ ಕಡಿ ಮಾಡಾಕ ಆಗಂಗಿಲ್ಲ. ಅದನ್ನ ಹುಡುಗ್ಯಾರಿಗೆ ತೋರಸಬೇಕು.”

“ಬುಟ್ಟಿ ಯಾಕ ಮುಚ್ಚಿದ್ದಿ?”

“ಮೊದಲು ಮಾಡಿಟ್ಟಿದ್ದೆಲ್ಲ ತಿಂದು ಖಾಲಿ ಆಗಬೇಕಲ್ಲ.”

“ಹಂಗಾರ ನಿಮ್ಮ ಮನ್ಯಾಗ ಎಲಿಗೂ ಉಪವಾಸ,” ಎಂದರು ಮಾಮ.

ಸಂಜೆ ಅವರ ಎದುರಿಗೇ ಎಲೆ ಕಿತ್ತು ಬಿಸಿನೀರಿನಲ್ಲಿ ಅದ್ದಿದೆ. ಆಸ್ಪತ್ರೆಯ ಕಂಪೌಂಡರು ಶಾಲೆಯ ಹೆಸರಿಗೆ ಕೊಟ್ಟಿದ್ದ ಸ್ಪಿರಿಟ್ಟನ್ನು ಒಂದು ಲೋಟಕ್ಕೆ ಹಾಕಿ, ಆ ಲೋಟವನ್ನು ಕುದಿನೀರಿನ ಪಾತ್ರೆಯೊಳಗಿಟ್ಟು, ಎಲೆಯ ಹಸಿರನ್ನೆಲ್ಲ ಇಳಿಸಿದೆ. ಎಲೆ ಹಳೆಯ ಕಾಗದದಂತೆ ಬಿಳಿಚಿಕೊಂಡಿತು. ಅದರ ಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಹನಿಸಿದೆ. ಪಟ್ಟಿ ಸುತ್ತಿದ್ದ ಜಾಗ ಬಿಳಿಚಾಗಿಯೇ ಉಳಿದು, ಬಿಸಿಲು ಬಿದ್ದಲ್ಲೆಲ್ಲ ನೀಲಿಗಪ್ಪು ಏರಿತು.

ಮಾಮ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದರು. “ಈ ನೀಲಿ ಯಾತರದು?”

“ಗಂಜಿ. ಅನ್ನದಾಗ ಇರತೈತಲ್ಲ, ಅದ. ಎಲಿ ಬಿಸಿಲು ಹಿಡದು ಮಾಡಿದ್ದು. ಟಿಂಚರ್ ಬಿದ್ರ ಗಂಜಿ ನೀಲಿ ಆಗತೈತಿ.”

“ಬೆಳಕು ಬಿದ್ದಲ್ಲಿ ಕರ್ರಗ, ಬೀಳದಲ್ಲಿ ಬೆಳ್ಳಗ,” ಎಂದು ನಿಧಾನಕ್ಕೆ ಹೇಳಿಕೊಂಡರು. “ಶಾಂತಮ್ಮ, ಇದು ಫೋಟೋ ಕಾಗದ ಲೇ. ಯುದ್ಧ ನಿಲ್ಲಲಿ ಅಂತ ಕುಂತೀನಿ, ನಿಮ್ಮ ಹಿತ್ತಲದಾಗ ಬಳ್ಳಿಗೆ ಜೋತು ಬಿದ್ದೈತಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಚಿಂತೆ ಶುರುವಾಯಿತು.

ಮೊದಲು ಪೆಟ್ಟಿಗೆಯಲ್ಲಿದ್ದ ಯಾರೋ ಯಜಮಾನರ ಹಳೆಯ ಪ್ಲೇಟಿನಿಂದ ಪರೀಕ್ಷೆ ನಡೆಯಿತು. ಎಲೆಯ ಮೇಲೆ ಪೇಟ ಬಂತು, ಯಜಮಾನರು ಬರಲಿಲ್ಲ. ಬಿಸಿಲು ಇನ್ನಷ್ಟು ಉಣಿಸಬೇಕು ಎಂದು ಮಾಮ ತೀರ್ಮಾನಿಸಿದರು. ನಂತರ ಹೊಸ ಕವಲಿಗೆ ಬುಟ್ಟಿ ಕವುಚಿ, ಅದರ ಮೇಲೆ ತಮ್ಮ ಕರಿ ಬಟ್ಟೆ ಹೊದಿಸಿ, ಮಾರನೆಯ ಬೆಳಿಗ್ಗೆ ಅಣ್ಣನ ಪ್ಲೇಟು ಹೊರತೆಗೆದರು. ಅಂಗೈ ಅಗಲದ ಒಂದು ಎಳೆಯ ಎಲೆ ಆರಿಸಿದರು. ಎಲೆಯನ್ನು ಮುಟ್ಟಿ, ಬೆರಳನ್ನು ಪಂಚೆಗೆ ಒರೆಸಿಕೊಂಡು, ಪ್ಲೇಟನ್ನು ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ತಿರುಗಿಸಿ ಯೋಚಿಸಿದರು. ಆಮೇಲೆ ಎಲೆಯ ಕೆಳಗೆ ಬಟ್ಟೆ ಸುತ್ತಿದ ಹಲಗೆ, ಮೇಲೆ ಪ್ಲೇಟು ಇಟ್ಟು ದಾರ ಸುತ್ತಿದರು. ಕೊನೆಗೆ ಎಲೆಯ ಕಡೆ ಬೆರಳು ತೋರಿಸಿ, “ಕದಲೊದ್ದು,” ಎಂದರು.

ಇಡೀ ದಿನ ನಾನು ಒಂದು ಕೋಲು ಹಿಡಿದು ಬಳ್ಳಿಯ ಪಕ್ಕದಲ್ಲಿ ಕೂತೆ. ಈರಮ್ಮನ ಆಡು ಗೋಡೆಯ ಮೇಲೆ ಮುಂಗಾಲಿಟ್ಟು ನನ್ನನ್ನೇ ನೋಡುತ್ತಿತ್ತು.

“ಮೋಡ ಬಂದ್ರ, ಮಾಮ?”

“ಬಂದ್ರ ಹೋಗತೈತಿ.”

“ಆಡು ಹಾರಿದ್ರ?”

“ಕೋಲು ಐತಲ್ಲ.”

“ಸ್ಪಿರಿಟ್ಟು ಹತ್ತಿಕೊಂಡ್ರ?”

“ಅದು ಸಂಜಿ ಮಾತು. ಈಗಿನ ಚಿಂತಿ ಈಗ ಮಾಡು, ಸಂಜಿಗೆ ಒಂದಿಷ್ಟು ಉಳಿಸ್ಕೋ,” ಎಂದು ಮಾಮ ಬಿಸಿಲಿಗೆ ಮುಖ ಕೊಟ್ಟು ಕೂತರು. ಅವರನ್ನು ನೋಡಿದರೆ ಎಲೆಯ ಜೊತೆ ತಾವೂ ಒಂದಿಷ್ಟು ಗಂಜಿ ಮಾಡಿಕೊಳ್ಳುತ್ತಿರುವಂತಿತ್ತು.

ಸಂಜೆ ಸ್ಪಿರಿಟ್ಟಿನ ಕೆಲಸ ನಡೆಯುವಾಗ ನಾನು ತುಂಬಿದ ಕೊಡ ಹೊತ್ತು ನಿಂತಿದ್ದೆ. ಎಲೆ ಬಿಳಿಚಿಕೊಂಡಿತು. ಅದನ್ನು ಅಗಲ ತಟ್ಟೆಯಲ್ಲಿ ಹರಡಿ, ಮಾಮ ಕೋಳಿಪುಕ್ಕದಿಂದ ಟಿಂಚರ್ ಸವರಿದರು. ಮೊದಲು ಎಲೆಯ ನರಗಳು ಕಂಡವು. ಆಮೇಲೆ ತಲೆಗೂದಲು ಕಪ್ಪಗೆ ಕಂಡಿತು, ಹುಬ್ಬು ಬಂತು, ಮೀಸೆ ಬಂತು. ಕೆನ್ನೆ ಬಿಳಿಯಾಗಿ ನಿಂತಿತು, ಅದರ ಮೇಲೆ ಮಚ್ಚೆ ಕಪ್ಪಗೆ ಕೂತಿತು. ಸ್ವಲ್ಪ ಮಂಜಿನಲ್ಲಿದ್ದಂತೆ, ಆದರೆ ಅಣ್ಣನೇ. ಮನೆಯಲ್ಲಿ ಏನು ಅಡುಗೆ ಎಂದು ನೆನೆಸುತ್ತಿದ್ದ ಆ ಮುಖವೇ. ನಾನು ಕೊಡ ಇಳಿಸಲು ಮರೆತೆ.

ಮಾಮ ಎಲೆಯನ್ನು ನೋಡಿದರು, ಇನ್ನೊಮ್ಮೆ ಬಗ್ಗಿ ನೋಡಿದರು, ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ನಾನು ಅವ್ವನನ್ನು ಕೈಹಿಡಿದು ಕರೆತಂದಿದ್ದೆ.

ಅವ್ವ ತಟ್ಟೆಯ ಮೇಲೆ ಬಗ್ಗಿದಳು. ಆಮೇಲೆ, “ಯಾರು ಬರೆದ್ರು?” ಎಂದಳು.

“ಯಾರೂ ಬರೆದಿಲ್ಲ ಅಕ್ಕ. ನಿಮ್ಮ ಅವರಿ ಎಲಿ ಬಿಸಿಲು ಉಂಡು ಗಂಜಿ ಮಾಡ್ತು. ಎಲ್ಲಿ ಬೆಳಕು ಬಿಟ್ಟೆವೋ ಅಲ್ಲಿ ಮಾಡ್ತು.”

“ಗಂಜಿ ಮಾಡಾಕ ಒಲಿ ಎಲ್ಲೈತಿ?”

ಮಾಮ ಮೇಲೆ ತೋರಿಸಿದರು.

“ಅಷ್ಟು ದೂರದ ಒಲಿ ಮ್ಯಾಲೆ ಗಂಜಿ ಬೇಯತೈತೇನು, ಅಣ್ಣ?”

“ಬೆಂದೈತಿ ನೋಡು. ನಿನ್ನ ಒಲಿ ಹತ್ರ ಐತಿ, ನೀನು ಹಚ್ಚಂಗಿಲ್ಲ.”

ಅವ್ವ ನಂಬಲಿಲ್ಲ. ಮಾಮ ಒಳಗಿನಿಂದ ನನ್ನ ಊಟದ ಪಾತ್ರೆ ತರಿಸಿ, ದೇಶನೂರಿನ ಅಕ್ಕಿಯ ಒಂದು ಹಿಡಿ ಅನ್ನ ತಟ್ಟೆಗೆ ಹಾಕಿ, ಅದರ ಒಂದು ಅಂಚಿಗೆ ಟಿಂಚರ್ ಹನಿಸಿದರು. ಅನ್ನ ನೀಲಿಗಪ್ಪಾಯಿತು.

“ಅಯ್ಯ, ಅನ್ನ ಹಾಳು ಮಾಡಿದಿ,” ಎಂದು ಅವ್ವ ಕೈ ಚಾಚಿದವಳು, ತಟ್ಟೆಯ ನೀಲಿಯನ್ನೂ ಎಲೆಯ ಮೇಲಿನ ತಲೆಗೂದಲ ನೀಲಿಯನ್ನೂ ಅಕ್ಕಪಕ್ಕ ನೋಡಿದಳು. ಎರಡೂ ಒಂದೇ ಬಣ್ಣ.

“ಹಂಗಾರ ಇವನು ಅನ್ನದಾಗ ಅದಾನ,” ಎಂದಳು.

“ಅನ್ನದಾಗ ಅದಾನ. ಹಸದು ಕುಂತಿಲ್ಲ. ಹಸದವರು ಇಲ್ಲಿ ಒಬ್ಬರ ಅದೀರಿ.”

ಅವ್ವ ನೀಲಿಯಾಗಿದ್ದ ಅಂಚನ್ನು ಬೆರಳಿನಿಂದ ಬದಿಗೆ ಸರಿಸಿ, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾಮ ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಟಿಂಚರ್ ಬಾಟಲಿಗೆ ಬಿರಡೆ ಹಾಕಿ, “ಶಾಂತಮ್ಮ, ಆ ಕೊಡ ಇಳಿಸು, ಸೊಂಟ ಹೋದೀತು,” ಎಂದು ಎದ್ದು ಹೋದರು.

ಎಲೆ ಒಣಗಿದ ಮೇಲೆ ಅದನ್ನು ಎರಡು ಗಾಜಿನ ನಡುವೆ ಇಟ್ಟು, ಅಂಚಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಟ್ಟರು. ಅವ್ವ ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಗಾಜಿನ ಮೇಲಿಂದಲೇ ಮಚ್ಚೆಯನ್ನು ಒತ್ತಿ ಬೆರಳನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದಳು. ಎರಡು ಹೊತ್ತು ಉಣ್ಣುತ್ತಿದ್ದಳು. ಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಂತಿತು.

ಕೆಲವು ವಾರ ನನಗೆ ಚಿಂತೆಯೇ ಇರಲಿಲ್ಲ, ಅದೇ ಒಂದು ಚಿಂತೆಯಾಗಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಅಣ್ಣನ ತಲೆಗೂದಲು ಕಂದುಬಣ್ಣಕ್ಕೆ ತಿರುಗಿದೆ, ಹುಬ್ಬು ಹೆಚ್ಚುಕಡಿಮೆ ಇಲ್ಲ. ಅವ್ವ ಸ್ನಾನಕ್ಕೆ ಹೋದವಳು ಬರುವುದರೊಳಗೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಓಡಿದೆ. ಅಣ್ಣ ಎಲ್ಲೋ ಮರಳುಗಾಡಿನಲ್ಲಿ ಬಿದ್ದದ್ದು, ತಂತಿ ಬಂದದ್ದು, ಅವ್ವ ಕುಸಿದದ್ದು ಎಲ್ಲವನ್ನೂ ಆ ನಾಲ್ಕು ಹೆಜ್ಜೆಯಲ್ಲಿ ನೋಡಿ ಮುಗಿಸಿದ್ದೆ.

ಮಾಮ ಗಾಜು ಬಿಚ್ಚಿ, ಪುಕ್ಕ ಅದ್ದಿ ಸವರಿದರು. ಹುಬ್ಬು ವಾಪಸು ಬಂತು.

“ಟಿಂಚರ್ ಹಾರಿ ಹೋಗತೈತಿ, ಶಾಂತಮ್ಮ. ಗಂಜಿ ಎಲ್ಲಿಗೂ ಹೋಗಂಗಿಲ್ಲ. ಕಾಣವಲ್ಲದು ಅಂದ್ರ ಇಲ್ಲ ಅಂತ ಯಾಕ ತಿಳೀತಿ? ಒಂದು ಸಲ ಪುಕ್ಕ ಆಡಿಸಿದ್ರ ಎದ್ದು ಕುಂದರತಾನ.”

ಆಮೇಲೆ ಅವರೇ ಅವ್ವನಿಗೂ ಹೇಳಿದರು. ಅಪಶಕುನದ ಮಾತು ಎದ್ದೀತೆಂದು ನಾನು ಉಸಿರು ಹಿಡಿದಿದ್ದರೆ, ಅವ್ವ, “ಕೂದಲಿಗೆ ಎಣ್ಣಿ ಹಚ್ಚಬೇಕಲ್ಲ, ಹಂಗ,” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಅಲ್ಲಿಂದ ಸಂತೆಯ ದಿನ ಮಾಮ ಬಾಟಲಿ ಪುಕ್ಕ ಹಿಡಿದು ಬರುವುದು, “ಎಲ್ಲಿ ನಿನ್ನ ಮಗ, ಎಣ್ಣಿ ಹಚ್ಚೋಣ,” ಎನ್ನುವುದು, ಅವ್ವ ಅವರಿಗೆ ಒಗ್ಗರಣ್ಣಿ ಮಂಡಕ್ಕಿ ಕೊಡುವುದು ಪದ್ಧತಿಯಾಯಿತು. ಎದ್ದು ಹೋಗುವಾಗ ಅವರು ಎಲೆಯ ಕಡೆ ತಿರುಗಿ, “ಕದಲೊದ್ದು,” ಎಂದು ಹೇಳಿಯೇ ಹೋಗುತ್ತಿದ್ದರು. ಒಂದೆರಡು ಸಲ ಮಂಡಕ್ಕಿಯ ಮೇಲೆ ಟಿಂಚರ್ ಬಿದ್ದು ನೀಲಿಯಾದದ್ದೂ ಉಂಟು. “ಇಲ್ಲಿ ಯಾರು ಮೂಡ್ಯಾರ ನೋಡು,” ಎಂದು ಅವ್ವ ಅವರನ್ನು ರೇಗಿಸುತ್ತಿದ್ದಳು. ಅವ್ವ ಯಾರನ್ನಾದರೂ ರೇಗಿಸಿ ಎಷ್ಟೋ ಕಾಲವಾಗಿತ್ತು.

ಯುದ್ಧ ಮುಗಿಯಿತು. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದು ಅಣ್ಣ ಮನೆಗೆ ಬಂದ. ಗುಂಡು, ಬಾಂಬು, ಮುಳುಗುವ ಹಡಗು ಎಂದು ನಾನು ಅಷ್ಟು ವರ್ಷ ಕಷ್ಟಪಟ್ಟು ಕಲ್ಪಿಸಿಕೊಂಡದ್ದಕ್ಕೆಲ್ಲ ಅವಮಾನವಾಗುವಂತೆ, ಅವನು ದಪ್ಪಗಾಗಿ ಬಂದಿದ್ದ. ಯಾವುದೋ ಊರಿನ ಉಗ್ರಾಣದಲ್ಲಿ ಹಿಟ್ಟಿನ ಚೀಲ ಲೆಕ್ಕ ಹಾಕುವುದು ಅವನ ಕೆಲಸವಾಗಿತ್ತಂತೆ. ಬಂದೂಕನ್ನು ಮುಟ್ಟಿದ್ದು ಕಲಿಯುವಾಗ ಮಾತ್ರವಂತೆ.

ಅವ್ವ ಬಾಗಿಲಿಗೆ ಬಂದಳು. ಬೆರಳು ಎತ್ತಿದಳು. ಬೆರಳು ಅವನ ಬಲಗೆನ್ನೆಯವರೆಗೆ ಹೋಗಿ ಅಲ್ಲೇ ನಿಂತಿತು.

“ಮಚ್ಚಿ ಎಲ್ಲೈತಿ?”

“ಇಲ್ಲೈತಲ್ಲವ್ವ,” ಎಂದು ಅಣ್ಣ ಎಡಗೆನ್ನೆ ತೋರಿಸಿದ.

“ಅದು ಆ ಕಡಿ ಐತಿ. ನನ್ನ ಮಗಂದು ಈ ಕಡಿ ಐತಿ.”

ಅಣ್ಣ ನನ್ನ ಮುಖ ನೋಡಿದ. ನಾನು ಒಳಗೆ ಓಡಿ ಗೂಡಿನಿಂದ ಎಲೆ ತಂದೆ. ಹೌದು. ಎಲೆಯ ಮೇಲೆ ಮಚ್ಚೆ ಬಲಗೆನ್ನೆಯಲ್ಲಿತ್ತು. ಬೈತಲೆಯೂ ಆಚೆಕಡೆಗೆ. ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಅಣ್ಣ ಎಡಬಲವಾಗಿದ್ದ. ಇಷ್ಟು ದಿನ ಅದನ್ನು ನಾನು ಕಂಡಿರಲಿಲ್ಲ. ಮುಖ ಮಾಸೀತೇ ಎಂದು ನೋಡುವುದರಲ್ಲೇ ನನ್ನ ಕಣ್ಣು ಮುಗಿದಿತ್ತು.

ಅಣ್ಣ ಎಲೆಯನ್ನು ಕೈಗೆ ತೆಗೆದುಕೊಂಡು ನೋಡಿ, “ಅವ್ವ, ಹಸಿವಾಗೈತಿ,” ಎಂದ.

ಅವ್ವನ ಬೆರಳು ಇಳಿಯಿತು. “ಈ ದನಿ ನನ್ನ ಮಗಂದ,” ಎಂದು ಬಾಗಿಲು ಬಿಟ್ಟು ಸರಿದಳು. ಉಣ್ಣುವಾಗ ಅವನ ಎಡಕ್ಕೂ ಬಲಕ್ಕೂ ಕೂತು ನೋಡಿದಳು.

ಫೋಟೋ ಕಾಗದ ಬಂದ ಮೇಲೆ ಮಾಮ ಬಳ್ಳಾರಿಗೆ ಹೋಗಿ ಬೀಗ ತೆಗೆದರು. ಮೊದಲ ಹಾಳೆಯಲ್ಲೇ ಅಣ್ಣನನ್ನು ಇಳಿಸಿ ಕಳಿಸಿದರು. ಸ್ವಚ್ಛ ಫೋಟೋ, ಮಚ್ಚೆ ಇರಬೇಕಾದಲ್ಲೇ ಇತ್ತು. ಅವ್ವ ನೋಡಿ, “ಚಂದ ಐತಿ,” ಎಂದು ಅದನ್ನು ಟ್ರಂಕಿನೊಳಗಿಟ್ಟಳು. ಗೂಡಿನಲ್ಲಿ ಎಲೆಯೇ ಉಳಿಯಿತು.

ನಾನು ಮಾಮನನ್ನು ಕೊನೆಯ ಸಲ ನೋಡಿದ್ದು ಕುರುಗೋಡಿನಲ್ಲಿ. ಬಳ್ಳಾರಿ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಕಾಲ. ನಾನು ಮದುವೆಯಾಗಿ ಬಳ್ಳಾರಿಯಲ್ಲಿದ್ದೆ. ಎದೆನೋವೆಂದು ಅವರು ಸ್ಟುಡಿಯೋ ಬಿಟ್ಟು ಊರಿಗೆ ಹೋಗಿದ್ದಾರೆಂದು ತಿಳಿದು ನೋಡಲು ಹೋದೆ. ಹಿತ್ತಲಿನಲ್ಲಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. “ನೆಳ್ಳಿಗೆ ಬಾ ಅಂದ್ರ ಕೇಳಂಗಿಲ್ಲಮ್ಮ, ಇನ್ನೊಂದು ದಿನ ಬಿಟ್ರ ಚಿಗುರತಾರ,” ಎಂದರು ಅವರ ಹೆಂಡತಿ.

ಮಾಮ ತೆಳ್ಳಗಾಗಿದ್ದರು. ಉಗುರು ಬೆಳ್ಳಗಾಗಿದ್ದವು. ನನಗೆ ಅದನ್ನು ನೋಡಿಯೇ ಭಯವಾಯಿತು.

“ಬಳ್ಳಾರ್ಯಾಗ ಎಲ್ಲಾರೂ ಕರೆಂಟ್ ದೀಪ ಹಾಕ್ಯಾರಂತಲ್ಲ,” ಎಂದರು. “ಆ ಬೆಳಕಿನ್ಯಾಗ ತೆಗೆದ್ರ ಎಲ್ಲಾರೂ ಉಂಡು ಬಂದವರಂಗ ಕಾಣತಾರ.”

ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. “ಮಾಮ, ಅಣ್ಣ ಯಾಕ ಎಡಬಲ ಆದ?”

ಅವರು ನಕ್ಕರು. “ಪ್ಲೇಟಿಗೆ ಎರಡು ಮಗ್ಗುಲು, ಶಾಂತಮ್ಮ. ಒಂದು ಬರೇ ಗಾಜು, ಒಂದು ಚಿತ್ರದ ಪೊರಿ. ಪೊರಿ ಎಲಿಗೆ ತಾಗಬೇಕು, ಅಂದ್ರ ಸರಿ ಬರತೈತಿ. ಆದ್ರ ಎಲಿ ಬೆವರತೈತಿ. ಮುಟ್ಟಿ ನೋಡಿದೆ, ಬೆರಳು ತಣ್ಣಗಾತು. ಆ ಪಸಿ ಪೊರಿಗೆ ತಾಗಿ ಕರಗಿದ್ರ? ಇದ್ದದ್ದು ಅದೊಂದ ಪ್ಲೇಟು. ಅದಕ್ಕ ಗಾಜಿನ ಮಗ್ಗುಲು ಕೆಳಗ ಮಾಡಿ ಇಟ್ಟೆ. ತಿರಗಾ ಮುರಗಾ ಬರತೈತಿ ಅನ್ನೋದು ಅವಸರದಾಗ ಹೊಳೀಲಿಲ್ಲ.”

“ಆಮೇಲೆ?”

“ಪುಕ್ಕ ಆಡಿಸಿದ ಕೂಡ್ಲೆ ಗೊತ್ತಾತು. ಹೇಳಬೇಕು ಅಂತ ಬಾಯಿ ತೆಗದೆ. ಅಷ್ಟರಾಗ ಅಕ್ಕ ತಟ್ಟಿ ಎಳಕೊಂಡ್ಲು.” ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕಣ್ಣು ಮುಚ್ಚಿದರು. “ಅನ್ನ ಉಣ್ಣೋರ ಮುಂದ ಮಚ್ಚಿ ಸರಿ ಮಾಡಾಕ ಹೋಗಲೇನು?”

ಹೊರಡುವಾಗ ನಾನು ಎಂದಿನಂತೆ ಔಷಧಿ, ಡಾಕ್ಟರು, ರಾತ್ರಿ ಎದೆ ಹಿಡಿದರೆ ಯಾರನ್ನು ಕರೆಯುವುದು ಎಂದು ಒಂದೊಂದಾಗಿ ಕೇಳತೊಡಗಿದೆ. ಅವರು ನನ್ನ ಕಡೆ ಬೆರಳು ಎತ್ತಿ, “ಕದಲೊದ್ದು,” ಎಂದರು. ನಾನು ಸುಮ್ಮನಾದೆ. “ಹಿಂಗ ಚಂದ ಅದೀ. ಹೋಗಿ ಬಾ.”

ಮಳೆಗಾಲ ಶುರುವಾದಾಗ ಅವರು ಹೋದ ಸುದ್ದಿಯನ್ನು ಈರಮ್ಮ ಹೇಳಿಕಳಿಸಿದಳು. ಆ ದಿನ ಮೋಡ ಇತ್ತಂತೆ.

ಎಲೆ ಈಗ ನನ್ನ ಹತ್ತಿರವಿದೆ. ನೋಡಿದರೆ ಬರಿದು, ನರಗಳು ಮಾತ್ರ. ಟಿಂಚರ್ ಬಾಟಲಿ ಪಕ್ಕದಲ್ಲೇ ಇದೆ. ಪುಕ್ಕ ಅದ್ದಲು ನನಗೆ ಕೈ ಬರುವುದಿಲ್ಲ, ಹಳೆಯ ಎಲೆ, ಪುಡಿಯಾದರೆ ಎಂಬ ಭಯ. ಗಂಜಿ ಎಲ್ಲಿಗೂ ಹೋಗುವುದಿಲ್ಲ ಎಂಬ ಅವರ ಮಾತನ್ನು ನಂಬಿದ್ದೇನೆ. ನಾನು ಪರೀಕ್ಷಿಸದೆ ನಂಬಿರುವುದು ಅದೊಂದನ್ನೇ.

ಮೊದಲಿಗೆ ಹೇಳಿದ್ದರಲ್ಲಿ ಒಂದೂ ಆಗಲಿಲ್ಲ. ಆಡು ತಿನ್ನಲಿಲ್ಲ, ಗಾಜು ಒಡೆಯಲಿಲ್ಲ, ಗಿರಣಿ ಸುಡಲಿಲ್ಲ. ಅಣ್ಣ ಬಂದ. ಅವ್ವ ಆಮೇಲೂ ಬಹಳ ವರ್ಷ ಎರಡು ಹೊತ್ತು ಉಂಡಳು. ಎಡವಟ್ಟಾದದ್ದು ಇಷ್ಟು: ಅಣ್ಣ ಊರಿಗೆ ಹೊರಟಾಗಲೆಲ್ಲ ಅವ್ವ ಬಾಗಿಲಿಗೆ ಬಂದು, ಅವನ ಬಲಗೆನ್ನೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ ಬೆರಳು ಒತ್ತುತ್ತಿದ್ದಳು. ಅಣ್ಣ ಒಂದು ದಿನವೂ ತಿದ್ದಲಿಲ್ಲ. ಅವಳು ಬೆರಳು ಎತ್ತುವ ಮೊದಲೇ ಸ್ವಲ್ಪ ಬಗ್ಗಿ ಆ ಕೆನ್ನೆಯನ್ನೇ ಕೊಡುತ್ತಿದ್ದ.